ಬೇಲಿ ಬದಿಯಲ್ಲಿ ಸಿಕ್ಕ ಹೂವು

ಸೂಜಿ ಎಂಬ ಅಡ್ಡಹೆಸರನ್ನು ಅವಳಿಗೆ ಇಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಆದರೆ ಇಟ್ಟವರು ಆಳನ್ನು ನೋಡಿಯೇ ಇಟ್ಟಿದ್ದರು. ಮೈಯೂ ಸೂಜಿ, ಮಾತೂ ಸೂಜಿ. ಇಪ್ಪತ್ತಾರು ವರ್ಷಗಳಿಂದ ಅವಳದು ಒಂದೇ ಕಸುಬು, ಹೂವಿನ ಫೋಟೋ ತೆಗೆಯುವುದು. ಬೀಜದ ಪೊಟ್ಟಣದ ಮೇಲೆ, ನರ್ಸರಿಯವರು ಹಂಚುವ ಪುಸ್ತಕಗಳಲ್ಲಿ, ಹಲ್ಲಿನ ಡಾಕ್ಟರ ಕೋಣೆಯ ಗೋಡೆಯಲ್ಲಿ ಕಾಣುವ ಹೂವುಗಳಲ್ಲಿ ಎಷ್ಟೋ ಹೂವುಗಳು ಅವಳ ಸ್ಟುಡಿಯೋದ ಕರಿ ಮೇಜಿನ ಮೇಲೆ ಕೊನೆಯುಸಿರು ಬಿಟ್ಟಂಥವು. ದೀಪದ ಶಾಖಕ್ಕೆ ಎಸಳು ಸೋಲುವ ಮೊದಲು ಕೆಲಸ ಮುಗಿಯಬೇಕು. ಮುಗಿದ ಮೇಲೆ ಬಾಡಿದರೆ ಬಾಡಲಿ, ಕಸದ ಬುಟ್ಟಿ ಮೇಜಿನ ಪಕ್ಕದಲ್ಲೇ ಇತ್ತು.

ಅವಳ ಕೈಚಳಕವೆಲ್ಲ ಹಿಂಬೆಳಕಿನಲ್ಲಿ. ಹೂವಿನ ಬೆನ್ನಿಗೆ ದೀಪವಿಟ್ಟು, ಆ ದೀಪ ನೇರವಾಗಿ ಕ್ಯಾಮೆರಾದ ಕಣ್ಣಿಗೆ ಹೊಡೆಯದ ಹಾಗೆ ನಡುವೆ ಒಂದು ಕರಿ ರಟ್ಟು ನಿಲ್ಲಿಸಿದರೆ ಎಸಳು ಒಳಗಿನಿಂದ ಹೊತ್ತಿಕೊಳ್ಳುತ್ತದೆ. ನರ, ಮಡಿಕೆ, ಅಂಚಿನ ನವಿರು, ನಿನ್ನೆ ಯಾರೋ ಹಿಡಿದು ನೋಡಿದ ಹೆಬ್ಬೆರಳಿನ ಗುರುತು, ಎಲ್ಲ ಬಯಲಿಗೆ ಬರುತ್ತದೆ. ಆದರೆ ಬರೀ ಹಿಂಬೆಳಕಿಗೆ ಬಿಟ್ಟರೆ ಹೂವಿನ ಮುಖ ಕಪ್ಪಿಡುತ್ತದೆ. ಅದಕ್ಕೇ ಮುಂದಿನಿಂದ ಚೂರೇ ಚೂರು ಫ್ಲ್ಯಾಶ್. "ಫ್ಲ್ಯಾಶ್ ಅಂದ್ರೆ ಉಪ್ಪು" ಎಂದು ಕಲಿಯಲು ಬಂದವರಿಗೆ ಸೂಜಿ ಹೇಳುತ್ತಿದ್ದಳು. "ಹಾಕಿದ್ದು ಗೊತ್ತಾಗ್ಬಾರ್ದು. ಗೊತ್ತಾಯ್ತೋ, ಅಡುಗೆ ಕೆಟ್ಟಿತು." ಎದುರಿನಿಂದ ಪೂರ್ತಿ ಫ್ಲ್ಯಾಶ್ ಹೊಡೆದು ಹೂವಿನ ಫೋಟೋ ತೆಗೆಯುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಹಾಗೆ ತೆಗೆದರೆ ಎಸಳು ಗೋಡೆಯ ಸುಣ್ಣದಂತೆ ಬೆಳ್ಳಗೆ ಚಪ್ಪಟೆಯಾಗುತ್ತದೆ, ಪರಾಗ ಧೂಳಿನ ಹಾಗೆ ಕಾಣುತ್ತದೆ, ಹಿಂದುಗಡೆ ಒಂದು ಗಡುಸು ನೆರಳು ಬೀಳುತ್ತದೆ. ತಪ್ಪು ಅಂತ ಬೆರಳು ಮಾಡಿ ತೋರಿಸುವಂಥದ್ದೇನೂ ಇರುವುದಿಲ್ಲ, ಹೂವು ಮಾತ್ರ ಸತ್ತಿರುತ್ತದೆ.

ಅವಳಿಗೆ ಒಬ್ಬಳೇ ತಂಗಿ. ಮನೆಯಲ್ಲಿ, ಬೀದಿಯಲ್ಲಿ, ಕೆಲಸದ ಜಾಗದಲ್ಲಿ, ಎಲ್ಲ ಕಡೆ ಅವಳು ಪುಟ್ಟಿ. ವಯಸ್ಸು ನಲವತ್ತೈದು, ತೂಕ ಅಕ್ಕನ ಎರಡರಷ್ಟು, ಆದರೂ ಪುಟ್ಟಿ. ಊರಾಚೆಯ ದೊಡ್ಡ ನರ್ಸರಿಯಲ್ಲಿ ಸಸಿಗಳ ಉಸ್ತುವಾರಿ ಅವಳದು. ಬೆಳಗಿನಿಂದ ಸಂಜೆವರೆಗೆ ಒಂದೇ ಥರದ ಸಸಿಗಳನ್ನು ಸಾವಿರಗಟ್ಟಲೆ ತಟ್ಟೆಗಳಿಗೆ ಇಳಿಸುವುದು ಸಂಬಳದ ಕೆಲಸ. ಅದು ಮುಗಿದ ಮೇಲೆ ಗಾಜಿನ ಮನೆಯ ಮೂಲೆಯಲ್ಲಿ, ನರ್ಸರಿಯ ಯಜಮಾನರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟ ಒಂದು ಕಟ್ಟೆಯ ಮೇಲೆ, ಅವಳ ಸ್ವಂತ ಕೆಲಸ. ಒಂದು ಹೂವಿನ ಪರಾಗವನ್ನು ಕುಂಚದಲ್ಲಿ ಎತ್ತಿ ಇನ್ನೊಂದಕ್ಕೆ ಸವರುವುದು, ಬೀಜ ಕಟ್ಟುವುದನ್ನು ಕಾಯುವುದು, ಬಿತ್ತುವುದು, ಹೂ ಬಿಡುವುದನ್ನು ಕಾಯುವುದು, ಮನಸ್ಸಿಗೆ ಬಾರದ್ದನ್ನೆಲ್ಲ ಕಿತ್ತೆಸೆದು ಮತ್ತೆ ಮೊದಲಿನಿಂದ ಶುರು ಮಾಡುವುದು. ಹೀಗೇ ಒಂಬತ್ತು ವರ್ಷ ಕಳೆದಿತ್ತು. ಮದುವೆಯ ಮಾತು ಎತ್ತಿದವರಿಗೆಲ್ಲ "ಈ ಸಲದ ಬೀಜ ಒಂದು ಮೊಳೀಲಿ" ಎನ್ನುತ್ತ ಬಂದಳು. ಕೊನೆಗೆ ಬೀಜ ಮೊಳೆತಾಗ ಕೇಳುವವರೇ ಇರಲಿಲ್ಲ.

ಪುಟ್ಟಿಯದು ನಾಲ್ಕು ಜನರನ್ನು ನಗಿಸುವ ಬಾಯಿ. ನಾಲ್ಕು ವರ್ಷದ ಹಿಂದೆ ನರ್ಸರಿಯ ಹೊಸ ಪುಸ್ತಕ ಅಚ್ಚಾಗಿ ಬಂದ ದಿನ ಎಲ್ಲರೂ ಟೀ ಕುಡಿಯುತ್ತ ಕೂತಿದ್ದಾಗ ಯಜಮಾನರು ಸೂಜಿಯ ಫೋಟೋಗಳನ್ನು ಹೊಗಳಿದರು. ಪುಟ್ಟಿ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತ, "ಹೂವು ಮಾಡೋರು ನಾವು, ಬೆಳಕು ಮಾಡೋನು ಸೂರ್ಯ, ಗುಂಡಿ ಒತ್ತೋಳು ನಮ್ಮಕ್ಕ. ಹೆಸರು ಮಾತ್ರ ಅಕ್ಕಂದು" ಅಂದಳು. ಎಲ್ಲರೂ ನಕ್ಕರು. ಸೂಜಿಯೂ ನಕ್ಕಳು. ಮನೆಗೆ ಹೋದ ಮೇಲೆ ನಕ್ಕವರನ್ನು ಒಬ್ಬೊಬ್ಬರನ್ನಾಗಿ ನೆನಪು ಮಾಡಿಕೊಂಡಳು, ಹದಿನಾಲ್ಕು ಜನ. ತಮಾಷೆಗೆ ಅಂದದ್ದು ಎಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಅದೇ ಅನುಮಾನ ಅವಳ ಹೊಟ್ಟೆಯೊಳಗೆ ಎಷ್ಟೋ ವರ್ಷದಿಂದ ಕೂತಿತ್ತು, ತಂಗಿ ಅದನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಿದಳು ಅಷ್ಟೇ. ಇದು ನನ್ನದು, ನಾನಿಲ್ಲದೆ ಇದು ಇಲ್ಲ ಎಂದು ಎದೆ ತಟ್ಟಿಕೊಳ್ಳುವಂಥ ಒಂದೇ ಒಂದು ಚಿತ್ರ ಬೇಕು ಅನ್ನುವುದು ಅವತ್ತಿನಿಂದ ಸೂಜಿಗೆ ಹಿಡಿದ ಕಾಯಿಲೆ.

ಒಂದು ಬೆಳಗ್ಗೆ ಹತ್ತು ಗಂಟೆಗೆ ಪುಟ್ಟಿ ಮಡಿಲಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದು ಸ್ಟುಡಿಯೋದ ಮುಂದೆ ಇಳಿದಳು. ಪೆಟ್ಟಿಗೆಯೊಳಗೆ ಒದ್ದೆ ಹತ್ತಿಯ ಮೇಲೆ ಒಂದು ಹೂವು. ಹೊಸ ತಳಿಗಳ ಸಮಿತಿ ಅಂತ ಒಂದಿತ್ತು. ವರ್ಷಕ್ಕೊಮ್ಮೆ ಅದು ತಾನು ಮೆಚ್ಚಿದ ಹೊಸ ಹೂವುಗಳ ಪಟ್ಟಿ ಹೊರಡಿಸುತ್ತಿತ್ತು. ಸಮಿತಿಯವರು ದೂರದವರು, ಈ ಹೂವೋ ಒಂದು ಹಗಲು ಬಾಳುವಂಥದ್ದು, ಹಾಗಾಗಿ ಮೊದಲ ಸುತ್ತಿನಲ್ಲಿ ಅವರು ನೋಡುವುದು ಫೋಟೋವನ್ನೇ. ಒಂದು ಹೂವಿಗೆ ಒಂದೇ ಫೋಟೋ.

"ಯಜಮಾನ್ರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ರು" ಅಂದಳು ಪುಟ್ಟಿ, ಬೆವರು ಒರೆಸಿಕೊಳ್ಳುತ್ತ. "ಈ ವರ್ಷ ಪಟ್ಟಿಗೆ ಬಂತು ಅಂದ್ರೆ ಕಟ್ಟೆ ನಂದೇ, ಇನ್ನೆರಡು ಕಟ್ಟೆನೂ ಕೊಡ್ತಾರಂತೆ. ಬರ್ಲಿಲ್ವೋ, ಅಲ್ಲಿ ಟೊಮೇಟೊ ಸಸಿ ಕೂರಿಸ್ತಾರಂತೆ. ಟೊಮೇಟೊಗೆ ಯಾವ ಸಮಿತಿ ಒಪ್ಪಿಗೆನೂ ಬೇಡ ನೋಡು."

ಸೂಜಿ ಪೆಟ್ಟಿಗೆಯೊಳಗೆ ಇಣುಕಿದಳು. ಆರು ಎಸಳು, ಈರುಳ್ಳಿ ಸಿಪ್ಪೆಯಷ್ಟು ತೆಳು, ತೊಳೆದು ತೊಳೆದು ಮಾಸಿದ ಬಿಳಿ ಬಟ್ಟೆಯ ಬಣ್ಣ. ಒಂಬತ್ತು ವರ್ಷಕ್ಕೆ ಇದಾ ಅಂದುಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಮ್ಮನೆ ಅಲ್ಲ.

"ಇದರಲ್ಲಿ ಏನಿದೆ ಅಂತ ನಂಗೆ ಸರಿಯಾಗಿ ಹೇಳೋಕೆ ಬರಲ್ಲ ಅಕ್ಕ" ಅಂದಳು ಪುಟ್ಟಿ. "ಬಿಸಿಲು ತಡೆಯೋಕೆ ಅಂತ ಗಾಜಿಗೆಲ್ಲ ಸುಣ್ಣ ಬಳಿದಿದ್ದಾರಲ್ಲ, ಅಲ್ಲಿ ಎಲ್ಲಾ ಬಣ್ಣಾನೂ ಒಂದೇ. ಆದ್ರೆ ಯಾವಾಗಾದ್ರೂ ಸಂಜೆ ಬಾಗಿಲು ತೆಗೆದಾಗ ಇದರೊಳಗೆ ಒಂದು ಕೆಂಪು ಓಡಿದ ಹಾಗೆ ಕಾಣುತ್ತೆ. ಹತ್ತಿರ ಹೋದ್ರೆ ಇಲ್ಲ. ನಿನ್ನ ಕಣ್ಣು ದೊಡ್ಡದು. ಇದ್ರೆ ನಿಂಗೆ ಸಿಗುತ್ತೆ, ಇಲ್ದಿದ್ರೆ ಇಲ್ಲ."

ಕೆಲಸ ಮಾಡುವಾಗ ಮೇಜಿನ ಹತ್ತಿರ ಯಾರೂ ಇರಬಾರದು ಎಂಬುದು ಸೂಜಿಯ ಕಟ್ಟಳೆ, ತಂಗಿಗೂ ರಿಯಾಯಿತಿ ಇರಲಿಲ್ಲ. ಪುಟ್ಟಿ ಪರದೆಯ ಆಚೆ ಬೆಂಚಿನ ಮೇಲೆ ಕೂತು ಹಳೆಯ ಪುಸ್ತಕ ತಿರುವತೊಡಗಿದಳು. ಸೂಜಿ ಹೂವನ್ನು ತಂತಿಯ ಹಿಡಿಕೆಗೆ ಸಿಕ್ಕಿಸಿ, ಅಭ್ಯಾಸಬಲದಿಂದ ಹಿಂದೆ ತುಸು ಕೆಳಗೆ ದೀಪವಿಟ್ಟು, ರಟ್ಟು ನಿಲ್ಲಿಸಿ, ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ದೀಪದ ಗುಂಡಿ ಒತ್ತಿದಳು.

ಆಮೇಲೆ ಅವಳು ತುಂಬ ಹೊತ್ತು ಅಲುಗಾಡಲಿಲ್ಲ. ಆ ಮಾಸಿದ ಬಿಳುಪು ಎಲ್ಲೋ ಹೋಗಿತ್ತು. ಪ್ರತಿ ಎಸಳಿನ ಬುಡದಿಂದ ರಕ್ತಗೆಂಪಿನ ನರಗಳು ಎದ್ದು, ಕವಲೊಡೆದು, ಮತ್ತೆ ಕವಲೊಡೆದು, ಅಂಚಿಗೆ ಹೋಗುವಷ್ಟರಲ್ಲಿ ಕಣ್ಣಿಗೆ ನಿಲುಕದಷ್ಟು ಸಣ್ಣಗಾಗಿದ್ದವು. ನರಗಳ ನಡುವೆ ಜೇನಿನ ಬಣ್ಣ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಾವಿರ ಹೂವುಗಳ ಬೆನ್ನಿಗೆ ದೀಪ ಹಿಡಿದಿದ್ದಳೋ, ಇಂಥದ್ದನ್ನು ಅವಳು ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅದನ್ನು ಅವಳ ಮೇಲೆ ಹೊರಿಸಬಾರದು, ಚೆಂದದ್ದನ್ನು ಕಂಡರೆ ಕಣ್ಣು ತಾನಾಗಿ ಮಾಡುವ ಕೆಲಸ ಅದು. ಕೈ ತಾನಾಗಿ ಹೋಗಿ ಎದುರಿನ ಫ್ಲ್ಯಾಶನ್ನು ಕನಿಷ್ಠಕ್ಕೆ ಇಳಿಸಿತು, ಹೂವಿನ ಎದೆಯ ಕತ್ತಲು ಕರಗುವುದಕ್ಕೆ ಬೇಕಾದಷ್ಟೇ. ಒಂದು ಸಲ ಒತ್ತಿದಳು. ಕ್ಯಾಮೆರಾದ ಪರದೆಯಲ್ಲಿ ಮೂಡಿದ್ದನ್ನು ನೋಡಿ, ಎರಡನೆಯದು ತೆಗೆಯುವ ಅಗತ್ಯವಿಲ್ಲ ಎಂದು ತಿಳಿದುಕೊಂಡಳು.

ಪರದೆಯ ಆಚೆಯಿಂದ ಪುಟ್ಟಿ, "ಅಕ್ಕ, ಈ ಪುಸ್ತಕದಲ್ಲಿ ಗುಲಾಬಿ ಹೆಸರು ತಪ್ಪಿದೆ, ನಿಂಗೊತ್ತಾ" ಎಂದು ಕೂಗಿ ಹೇಳಿ ತಾನೇ ನಕ್ಕಳು.

ಆ ನಗು ಸೂಜಿಗೆ ಚುರುಕ್ ಅಂತ ಮುಟ್ಟಿತು. ಒಳಗಿದ್ದ ಹೊಟ್ಟೆಕಿಚ್ಚಿಗೆ ಅಷ್ಟು ಗಾಳಿ ಸಾಕಾಯಿತು. ಈ ಚಿತ್ರ ಸಮಿತಿಗೆ ಹೋದರೆ ಏನಾಗುತ್ತದೆಂದು ಅವಳು ಬಲ್ಲಳು. ಪುಟ್ಟಿಯ ಹೂವು ಅನ್ನುತ್ತಾರೆ. ಪುಟ್ಟಿ ಒಂಬತ್ತು ವರ್ಷ ತಪಸ್ಸು ಮಾಡಿದಳು ಅನ್ನುತ್ತಾರೆ. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಫೋಟೋ ಇಂಥವರದ್ದು ಎಂದು ಹಾಕಿದರೆ ಹಾಕಿದರು. ತನ್ನ ಬಾಳಿನ ಒಂದೇ ಒಂದು ಚಿತ್ರ ತಂಗಿಯ ಹೂವಿಗೆ ಅಂಟಿಸಿದ ಚೀಟಿಯಾಗುತ್ತದೆ.

ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ಸೂಜಿಗೂ ಒಂದು ನೆವ ಬೇಗ ಸಿಕ್ಕಿತು. ತೋಟದಲ್ಲಿ ಹೂವಿನ ಬೆನ್ನಿಗೆ ದೀಪ ಹಿಡಿದು ನೋಡುವವರು ಯಾರು, ಇರುವುದು ಇದ್ದ ಹಾಗೆ ಕಾಣಲಿ, ಅದೇ ಪ್ರಾಮಾಣಿಕತೆ ಅಂದುಕೊಂಡಳು. ಪ್ರಾಮಾಣಿಕತೆಯ ನೆನಪು ಅವಳಿಗೆ ಇಪ್ಪತ್ತಾರು ವರ್ಷದಲ್ಲಿ ಆಗಿದ್ದು ಅದೇ ಮೊದಲು. ಹಿಂದಿನ ದೀಪ ಆರಿಸಿದಳು. ರಟ್ಟು ತೆಗೆದಳು. ಎದುರಿನ ಫ್ಲ್ಯಾಶನ್ನು ತುದಿಗೇರಿಸಿ ಒತ್ತಿದಳು. ಕೋಣೆಯೆಲ್ಲ ಒಮ್ಮೆ ಬೆಳ್ಳಗಾಯಿತು. ಮತ್ತೆ ಒತ್ತಿದಳು, ಒಟ್ಟು ಹನ್ನೊಂದು ಸಲ. ಅದರಲ್ಲಿ ಒಳ್ಳೆಯದನ್ನು ಆರಿಸಿದಳು, ಅಂದರೆ ಕೆಟ್ಟದ್ದನ್ನು. ಕೇಸರದ ಒಂದೊಂದು ಎಳೆಯೂ ಸ್ಪಷ್ಟ, ಬಣ್ಣ ನಿಖರ, ತಪ್ಪು ಹಿಡಿಯಲು ಯಾರಿಗೂ ಸಾಧ್ಯವಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವವರ ಕೆಲಸ ಅದು, ಆದರೆ ಇಲ್ಲಿ ಹಾವು ಸತ್ತಿತ್ತು.

ಅಚ್ಚು ಹಾಕಿ ತಂದು ಪುಟ್ಟಿಯ ಕೈಗೆ ಕೊಟ್ಟಳು. ಪುಟ್ಟಿ ಕಿಟಕಿಯ ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ಇಷ್ಟೇನಾ" ಅಂದಳು.

"ಕ್ಯಾಮೆರಾಗೆ ತಂಗಿ ಅಂತ ದಾಕ್ಷಿಣ್ಯ ಇರುತ್ತಾ" ಅಂದಳು ಸೂಜಿ.

"ಕೆಂಪು?"

"ಹುಡುಕಿದೆ. ಸಿಗ್ಲಿಲ್ಲ."

ಪುಟ್ಟಿ ತಲೆಯಾಡಿಸಿದಳು. ಅಕ್ಕನ ಬಾಯಿ ಹಾಳು, ಕಣ್ಣು ಮಾತ್ರ ಸುಳ್ಳು ಹೇಳುವುದಿಲ್ಲ ಎಂಬುದು ಅವಳ ನಂಬಿಕೆ. ಫೋಟೋವನ್ನು ಅಲ್ಲಿಂದಲೇ ಸಮಿತಿಗೆ ಕಳಿಸಿದರು. ಪುಟ್ಟಿ ಹೋಗುವಾಗ ಹೂವನ್ನು ಅಲ್ಲೇ ಬಿಟ್ಟಳು. ದೀಪದ ಶಾಖ ತಿಂದಿದ್ದ ಅದು ಮಧ್ಯಾಹ್ನಕ್ಕೇ ಸುರುಟಿಕೊಂಡಿತು, ಸೂಜಿ ಅದನ್ನು ಪಕ್ಕದ ಬುಟ್ಟಿಗೆ ಹಾಕಿದಳು.

ಆರು ವಾರಕ್ಕೆ ಸಮಿತಿಯ ಪತ್ರ ಬಂತು. ಒಂದೇ ಸಾಲು, ಗಮನಾರ್ಹವಾದ ಗುಣವೇನೂ ಕಂಡುಬಂದಿಲ್ಲ ಎಂದು. ಯಜಮಾನರು ನುಡಿದಂತೆ ನಡೆಯುವವರು, ಟೊಮೇಟೊ ಬೀಜ ಆಗಲೇ ತರಿಸಿದ್ದರು. ಕಟ್ಟೆ ಖಾಲಿ ಮಾಡುವ ದಿನ ಪುಟ್ಟಿ ಅಕ್ಕನಿಗೆ ಫೋನ್ ಮಾಡಿ, "ಬಾ, ಒಬ್ಬಳಿಗೇ ಆಗ್ತಿಲ್ಲ" ಅಂದಳು. ಸೂಜಿ ಹೋದಳು. ಹೋಗದೆ ಇರಬಹುದಿತ್ತು, ಆದರೆ ಅವಳಿಗೆ ನೋಡಬೇಕಿತ್ತು. ನೋಡುವುದೇ ತಾನೆ ಅವಳ ಕಸುಬು.

ಗಾಜಿನ ಮನೆಯ ಹಿಂದೆ ಗಿಡಗಳನ್ನು ಪುಡಿ ಮಾಡಿ ಗೊಬ್ಬರದ ಗುಂಡಿಗೆ ಉಗುಳುವ ಯಂತ್ರವೊಂದಿತ್ತು. ಅದರ ಪಕ್ಕದಲ್ಲಿ ಎಂಟು ಕುಂಡಗಳು ಸಾಲಾಗಿ ನಿಂತಿದ್ದವು. ಆ ತಳಿಯದು ಜಗತ್ತಿನಲ್ಲಿ ಇದ್ದದ್ದು ಅಷ್ಟೇ. ತಳಿ ಮಾಡುವವರಲ್ಲಿ ಒಂದು ಕಟ್ಟುನಿಟ್ಟಿದೆ, ಸೋತದ್ದನ್ನು ಇಟ್ಟುಕೊಳ್ಳಬಾರದು. ಮರುಕಕ್ಕೆ ಅಂತ ಒಂದನ್ನು ಉಳಿಸಿದರೆ ಅದರ ಪರಾಗ ಹಾರಿ ಮುಂದಿನದ್ದೆಲ್ಲ ಕೆಡುತ್ತದೆ. ಒಂಬತ್ತು ವರ್ಷದಲ್ಲಿ ಪುಟ್ಟಿ ಹಾಗೆ ಕಿತ್ತು ಹಾಕಿದ ಗಿಡಗಳಿಗೆ ಲೆಕ್ಕವಿಲ್ಲ, ಒಂದಕ್ಕೂ ಅತ್ತವಳಲ್ಲ. ಅವತ್ತು ಮಾತ್ರ ಮೊದಲ ಕುಂಡವನ್ನು ಎತ್ತಿ ಮತ್ತೆ ಕೆಳಗಿಟ್ಟಳು.

"ಅಕ್ಕ, ನಿಜ ಹೇಳು" ಅಂದಳು. "ಫೋಟೋದಲ್ಲಿ ಬರದಿದ್ರೆ ಬೇಡ. ನಿನ್ನ ಕಣ್ಣಿಗೆ ಏನಾದ್ರೂ ಕಂಡಿತ್ತಾ? ಒಂದಿಷ್ಟು ಅನುಮಾನ ಇದ್ರೂ ಸಾಕು, ಒಂದು ಕುಂಡ ಮನೆ ಕಿಟಕೀಲಿ ಇಟ್ಕೋತೀನಿ. ನಂಗೆ ಆ ಕೆಂಪು ಮತ್ತೆ ಮೊನ್ನೆನೂ ಕಂಡ ಹಾಗಾಯ್ತು."

ಸೂಜಿ ಸುತ್ತ ನೋಡಿದಳು. ಬಾಗಿಲ ಬಳಿ ನೀರು ಹೊರುವ ಒಂದು ಪ್ಲಾಸ್ಟಿಕ್ ಬಕೆಟ್ ಇತ್ತು, ಕೆಂಪು ಬಣ್ಣದ್ದು.

"ಆ ಬಕೆಟ್ ಅಲ್ಲೇ ಇರುತ್ತಾ ಯಾವಾಗ್ಲೂ?"

"ಹೂಂ."

"ಸಂಜೆ ಬಿಸಿಲು ಅದರ ಮೇಲೆ ಬೀಳುತ್ತೆ. ಅದರ ಬಣ್ಣ ಹೂವಿಗೆ ಹೊಡೀತಿರುತ್ತೆ. ಬಿಳಿ ಹೂವಿನ ಹಣೆಬರಹ ಅದು, ಯಾರ ಬಣ್ಣ ಬಂದ್ರೂ ತನ್ನದು ಅಂದುಕೊಳ್ಳುತ್ತೆ."

ಪುಟ್ಟಿ ಬಕೆಟ್ಟನ್ನು ನೋಡಿದಳು. ಒಂಬತ್ತು ವರ್ಷ ಒಂದು ಬಕೆಟ್ಟಿನ ಹಿಂದೆ ಬಿದ್ದಿದ್ದೆನಲ್ಲ ಎಂಬ ನಾಚಿಕೆ ಅವಳ ಮುಖದ ಮೇಲೆ ನಿಧಾನವಾಗಿ ಹತ್ತಿತು, ಕಿವಿಯವರೆಗೂ. ಆಮೇಲೆ ಅವಳು ನಕ್ಕಳು. ಆ ನಗುವನ್ನು ನೋಡಿದ ಮೇಲೂ ಸೂಜಿ ಬಾಯಿ ಬಿಡಲಿಲ್ಲ. ಇನ್ನೂ ಎಂಟು ಕುಂಡಗಳಿದ್ದವು, ಒಂದು ಮಾತು ಸಾಕಿತ್ತು. ಅವಳು ಗೋಣಿಚೀಲದ ಬಾಯಿ ಅಗಲಿಸಿ ಹಿಡಿದುಕೊಂಡಳು, ಪುಟ್ಟಿ ಕುಂಡಗಳಿಂದ ಗಿಡ ಕಿತ್ತು ಮಣ್ಣು ಕೊಡವಿ ಅದರೊಳಗೆ ಹಾಕಿದಳು, ಇಬ್ಬರೂ ಸೇರಿ ಚೀಲವನ್ನು ಯಂತ್ರದ ಬಾಯಿಗೆ ಸುರಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಯಂತ್ರಕ್ಕೆ ಅಷ್ಟೂ ಬೇಕಾಗಲಿಲ್ಲ.

ಮನೆಗೆ ಬಂದ ಸೂಜಿಗೆ ಪಶ್ಚಾತ್ತಾಪ ಆಯಿತು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಆ ರಾತ್ರಿ ಅವಳು ಹೊಟ್ಟೆ ತುಂಬ ಉಂಡು ಮಲಗಿದಳು. ಬೆಳಗ್ಗೆ ಎದ್ದು ಕಂಪ್ಯೂಟರಿನಲ್ಲಿ ಆ ಒಂದು ಚಿತ್ರವನ್ನು ತೆರೆದು ನೋಡಿದಳು. ಈಗ ಜಗತ್ತಿನಲ್ಲಿ ಆ ಹೂವು ಇದ್ದದ್ದು ಅಲ್ಲಿ ಮಾತ್ರ. ತನ್ನ ಹತ್ತಿರ ಮಾತ್ರ.

ಆದರೆ ಬಚ್ಚಿಟ್ಟ ಚಿತ್ರ ಹೊಟ್ಟೆಯೊಳಗಿನ ಗುಟ್ಟಿನ ಹಾಗೆ, ಸುಮ್ಮನೆ ಕೂರುವುದಿಲ್ಲ. ಏಳು ತಿಂಗಳು ಅದನ್ನು ಒಬ್ಬಳೇ ನೋಡಿದಳು. ಯಾರೂ ಕಾಣದ ಚಿತ್ರಕ್ಕೂ ತೆಗೆಯದ ಚಿತ್ರಕ್ಕೂ ವ್ಯತ್ಯಾಸವೇನು ಎಂದು ಅವಳಿಗೆ ಅನ್ನಿಸತೊಡಗಿತು. ಫೋಟೋಗ್ರಾಫರುಗಳ ಸಂಘದ ವಾರ್ಷಿಕ ಸ್ಪರ್ಧೆಗೆ ಹೆಸರು ಕೊಡುವ ಕೊನೆಯ ದಿನ ತಡೆಯಲಾರದೆ ಕಳಿಸಿಬಿಟ್ಟಳು. ನಿಸರ್ಗ ವಿಭಾಗ. ಅಲ್ಲಿ ನಿಯಮ ಒಂದೇ, ಚಿತ್ರದಲ್ಲಿರುವುದು ನಿಜವಾಗಿ ಬೆಳೆದ ಹೂವಾಗಿರಬೇಕು, ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ್ದಾಗಿರಬಾರದು. ಹೂವಿನ ಹೆಸರು ಮತ್ತು ಬೆಳೆದವರು ಎಂಬ ಜಾಗದಲ್ಲಿ ಸೂಜಿ ಬರೆದಳು: ಬೇಲಿ ಬದಿಯಲ್ಲಿ ಸಿಕ್ಕ ಹೂವು, ಹೆಸರು ತಿಳಿಯದು. ಪುಟ್ಟಿ ಇಂಥ ಕಡೆ ಕಾಲಿಡುವವಳಲ್ಲ. ಕಾಲಿಟ್ಟರೂ ಈ ರೂಪದಲ್ಲಿ ತನ್ನ ಹೂವನ್ನು ಅವಳು ಕಂಡವಳೇ ಅಲ್ಲ.

ಮೊದಲ ಬಹುಮಾನ ಬಂತು. ಸಭಾಂಗಣದ ಎದುರು ಗೋಡೆಗೆ ಆಳೆತ್ತರ ಮಾಡಿ ತೂಗುಹಾಕಿದರು. ಜನ ಅದರ ಮುಂದೆ ಬಂದು ಮಾತು ನಿಲ್ಲಿಸುತ್ತಿದ್ದರು. ಮಾತು ನಿಲ್ಲಿಸದವರು ಹೂವು ಯಾವುದು ಎಂದು ಕೇಳುತ್ತಿರಲಿಲ್ಲ, ತೆಗೆದವರು ಯಾರು ಎಂದು ಕೇಳುತ್ತಿದ್ದರು. ಸೂಜಿ ದಿನಾ ಹೋಗಿ ಅವರ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡಳು. ಅವಳಿಗೆ ಹಾಲು ಕುಡಿದಷ್ಟು ಸಂತೋಷ.

ನಾಲ್ಕನೆಯ ದಿನ ನರ್ಸರಿಯ ಯಜಮಾನರು ಬಂದರು. ಚಿತ್ರದ ಮುಂದೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಎಲ್ಲಿದೆಯಮ್ಮ ಈ ಬೇಲಿ?" ಎಂದು ಸೂಜಿಯನ್ನು ಕೇಳಿದರು.

"ರಸ್ತೆ ಅಗಲ ಮಾಡಿದ್ರಲ್ಲ, ಆ ಕಡೆ. ಈಗ ಅಲ್ಲಿ ಡಾಂಬರು."

"ನಲವತ್ತು ವರ್ಷದಿಂದ ಹೂವಿನ ಮಧ್ಯೆ ಇದ್ದೀನಿ ನಾನು. ಇಂಥದ್ದು ಬೇಲೀಲಿ ಹುಟ್ಟಲ್ಲ. ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಕೂತು ಮಾಡಿರ್ಬೇಕು. ಹಾಗಿದ್ರೆ ಅವರು ಎಲ್ಲಿದ್ರೂ ಹುಡುಕಿ ನನ್ನ ಅರ್ಧ ನರ್ಸರಿ ಬರೆದುಕೊಡ್ತೀನಿ. ಇಲ್ಲಾಂದ್ರೆ ಇದು ಕಂಪ್ಯೂಟರ್ ಆಟ."

ಅಲ್ಲಿಗೆ ಸುಮ್ಮನಾಗದೆ ಅವರು ಸಂಘದವರ ಹತ್ತಿರವೂ ಹೋಗಿ ಅದನ್ನೇ ಹೇಳಿದರು. ಸಂಘದವರಿಗೆ ಪೀಕಲಾಟಕ್ಕಿಟ್ಟುಕೊಂಡಿತು. ಈ ಜಾತಿಯ ಹೂವುಗಳನ್ನು ಬಲ್ಲವರು ಒಬ್ಬರು ನೋಡಿ, ಇದು ಇರುವ ಹೂವೋ ಅಲ್ಲವೋ ಎಂದು ಬರೆದುಕೊಟ್ಟರೆ ಸಾಕು, ಆ ಮಾತೇ ಕೊನೆ, ಇಲ್ಲದ ಹೂವಾದರೆ ಬಹುಮಾನ ವಾಪಸು ಎಂದು ತೀರ್ಮಾನಿಸಿದರು. "ಬಲ್ಲವರು ಅಂದ್ರೆ ನಮ್ಮಲ್ಲೇ ಇದ್ದಾಳಲ್ಲ" ಅಂದರು ಯಜಮಾನರು. "ಇವಳ ತಂಗಿ. ಅವಳನ್ನು ಬಿಟ್ರೆ ಇನ್ಯಾರು."

ಮಾರನೇ ದಿನ ಮಧ್ಯಾಹ್ನ ಪುಟ್ಟಿ ಸ್ಟುಡಿಯೋಗೆ ಬಂದಳು. ಸಭಾಂಗಣದಿಂದ ನೇರವಾಗಿ ಬಂದಿದ್ದಳು. ಕೈಯಲ್ಲಿ ಸಂಘದವರು ಕೊಟ್ಟ ಹಾಳೆ. ಬೆಂಚಿನ ಮೇಲೆ ಕೂರಲಿಲ್ಲ, ಪರದೆ ಸರಿಸಿಕೊಂಡು ಒಳಗೆ ಬಂದು ಕರಿ ಮೇಜಿನ ಮುಂದೆ ನಿಂತಳು.

"ಎರಡು ಗಂಟೆ ಹೊತ್ತು ನೋಡಿದೆ" ಅಂದಳು.

ಸೂಜಿ ಲೆನ್ಸು ಒರೆಸುವುದನ್ನು ನಿಲ್ಲಿಸಲಿಲ್ಲ. "ಹೇಗಿದೆ?"

"ನಾನು ಹೆತ್ತದ್ದು ನಂಗೆ ಗುರುತು ಸಿಗಲ್ವಾ ಅಕ್ಕ. ಬಣ್ಣ ನೋಡಿ ಗೊತ್ತಾಗ್ಲಿಲ್ಲ. ಎಸಳು ಕೂತಿರೋ ರೀತಿ ನೋಡಿ ಗೊತ್ತಾಯ್ತು. ಅದೊಂದಕ್ಕೇ ಮೂರು ವರ್ಷ ಹಿಡಿದಿತ್ತು."

ಪುಟ್ಟಿ ಅಳುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ಅವಳ ದೊಡ್ಡ ಮೈ ಮೇಜಿಗೆ ಆತುಕೊಂಡು ಸಣ್ಣಗೆ ನಡುಗುತ್ತಿತ್ತು.

"ಒಂದೇ ಒಂದು ಮಾತು ಕೇಳ್ತೀನಿ" ಅಂದಳು. "ಇದನ್ನ ತೆಗೆದದ್ದು ಆ ಫ್ಲ್ಯಾಶ್ ಹೊಡೆದ ಫೋಟೋಕ್ಕಿಂತ ಮುಂಚೆನಾ, ಆಮೇಲಾ?"

ಸೂಜಿ ತಲೆಯೆತ್ತಿದಳು.

"ಆಮೇಲೆ ಆಗಿರ್ಬಹುದು" ಅಂದಳು ಪುಟ್ಟಿ, ಬೇಗ ಬೇಗ. "ನಾನು ಹೋದ ಮೇಲೆ ಹೂವು ಇಲ್ಲೇ ಇತ್ತಲ್ಲ. ಸುಮ್ಮನೆ ಆಟಕ್ಕೆ ದೀಪ ಹಿಡಿದಿರ್ತೀಯ. ಕಂಡಿರುತ್ತೆ. ಅಷ್ಟರಲ್ಲಿ ಸಮಿತಿಗೆ ಆ ಫೋಟೋ ಹೋಗಿಬಿಟ್ಟಿತ್ತು. ತಪ್ಪಾಯ್ತು ಅಂತ ಹೇಳೋಕೆ ನಾಚಿಕೆ ಆಗಿರುತ್ತೆ, ನಿಂಗೆ ಮೊದಲಿಂದಲೂ ತಪ್ಪು ಒಪ್ಪಿ ಅಭ್ಯಾಸ ಇಲ್ಲ. ಹಾಗಿದ್ರೆ ಹೂಂ ಅನ್ನು ಸಾಕು. ಈ ಹಾಳೆ ಮೇಲೆ ಇದು ನನ್ನ ಹೂವು, ನಾನು ಬೆಳೆಸಿದ್ದು, ಈಗಿಲ್ಲ ಅಂತ ಬರೆದುಕೊಡ್ತೀನಿ. ಬಹುಮಾನನೂ ನಿಂದೇ, ಚಿತ್ರಾನೂ ನಿಂದೇ. ನಾನೂ ನಿನ್ನ ತಂಗಿಯಾಗೇ ಇರ್ತೀನಿ."

ಬಾಗಿಲು ತೆರೆದುಕೊಟ್ಟು, ದೀಪ ಹಿಡಿದು, ದಾರಿ ತೋರಿಸಿದ ಹಾಗಿತ್ತು. ಹೂಂ ಅಂದರೆ ಮುಗಿಯುತ್ತಿತ್ತು. ಸೂಜಿ ಬಾಯಿ ತೆರೆದಳು ಕೂಡ. ಆದರೆ ಆಟಕ್ಕೆ ಅನ್ನುವ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಾಯಿತು. ಆ ಚಿತ್ರ ಆಟಕ್ಕೆ ಹಿಡಿದ ದೀಪದಲ್ಲಿ ಸಿಕ್ಕಿದ್ದು ಎಂದು ಒಪ್ಪಿಕೊಂಡರೆ ಅವಳಿಗೆ ಉಳಿಯುವುದೇನು. ದೀಪವನ್ನು ಬೆರಳಷ್ಟು ಕೆಳಗಿಟ್ಟದ್ದು, ರಟ್ಟು ಅಲ್ಲಿ ನಿಂತದ್ದು, ಫ್ಲ್ಯಾಶ್ ಅಷ್ಟಕ್ಕೇ ಇಳಿದದ್ದು, ಒಂದೇ ಏಟಿಗೆ ಮುಗಿದದ್ದು, ಎಲ್ಲ ಕಾಕತಾಳೀಯ ಅಂತಾಗುತ್ತದೆ. ತಂಗಿ ತನ್ನನ್ನು ಕಟುಕಿ ಅಂದರೂ ತಡೆಯಬಹುದು, ಅದೃಷ್ಟವಂತೆ ಅಂದರೆ ತಡೆಯಲಾಗದು.

"ಮುಂಚೆ" ಅಂದಳು ಸೂಜಿ. "ದೀಪ ಹಚ್ಚಿದ ಕೂಡ್ಲೇ ಗೊತ್ತಾಯ್ತು. ಒಂದೇ ತೆಗೆದೆ. ಅಷ್ಟು ಚೆನ್ನಾಗಿ ಯಾವತ್ತೂ ನಾನು ತೆಗೆದಿರ್ಲಿಲ್ಲ."

ಪುಟ್ಟಿಯ ನಡುಕ ನಿಂತಿತು. ಅವಳು ಸುಮಾರು ಹೊತ್ತು ಅಕ್ಕನ ಮುಖವನ್ನು ನೋಡಿದಳು, ಗಾಜಿನ ಮನೆಯಲ್ಲಿ ಕಿತ್ತುಹಾಕಬೇಕಾದ ಗಿಡವನ್ನು ನೋಡುವಷ್ಟೇ ಸಾವಧಾನವಾಗಿ.

"ಹಾಗಾದ್ರೆ ಯಂತ್ರದ ಹತ್ತಿರ ಚೀಲ ಹಿಡಿದಾಗ್ಲೂ ಗೊತ್ತಿತ್ತು."

"ಗೊತ್ತಿತ್ತು."

"ಸರಿ" ಅಂದಳು ಪುಟ್ಟಿ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಹಾಳೆಯನ್ನು ಹೂವು ನಿಲ್ಲಿಸುವ ಜಾಗದಲ್ಲೇ ಇಟ್ಟು, ಬಗ್ಗಿ ನಿಧಾನವಾಗಿ ಬರೆದಳು. ಸಸಿಗಳಿಗೆ ಚೀಟಿ ಬರೆದು ಬರೆದು ಅವಳ ಅಕ್ಷರ ಗುಂಡಗೆ ಅಚ್ಚಿನ ಹಾಗಿತ್ತು. ಸಹಿ ಹಾಕಿ, ತಾರೀಖು ಹಾಕಿ, ಹಾಳೆಯನ್ನು ಅಕ್ಕನ ಕಡೆಗೆ ತಿರುಗಿಸಿದಳು.

"ಓದು. ಒಂದಕ್ಷರ ಸುಳ್ಳಿದ್ರೂ ಹೇಳು, ತಿದ್ದಿಕೊಡ್ತೀನಿ."

ಹಾಳೆಯ ಮೇಲೆ ಹೀಗಿತ್ತು: ಚಿತ್ರವನ್ನು ಎರಡು ಗಂಟೆ ಪರೀಕ್ಷಿಸಿದ್ದೇನೆ. ಈ ಜಾತಿಯಲ್ಲಿ ಇಂಥ ಹೂವು ಯಾವ ಬೇಲಿಯಲ್ಲೂ ಯಾವ ತೋಟದಲ್ಲೂ ಇಲ್ಲ. ಭೂಮಿಯ ಮೇಲೆಯೇ ಇಲ್ಲ.

ಸೂಜಿ ಎರಡು ಸಲ ಓದಿದಳು. ಸುಳ್ಳು ಎಲ್ಲೂ ಇರಲಿಲ್ಲ. ಅವಳು ಹಾಳೆಯನ್ನು ತಂಗಿಯ ಕೈಗೆ ವಾಪಸು ಕೊಟ್ಟಳು.